ಹೊರೆ ಮತ್ತು ಕಟ್ಟು: ಫ್ಲಾಟ್‌ಬೆಡ್ ಟ್ರೈಲರ್ ಸಾಗಾಟದ ಮೊದಲ ಪಾಠ

(ಪುತ್ತೂರು, ಸುಳ್ಯ ಹಾಗೂ ಕಡಬ ತಾಲೂಕುಗಳ ಗ್ರಾಮ ಪಂಚಾಯತ್ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಈ ಮೂರು ತಾಲೂಕುಗಳ ಯಾವ ಗ್ರಾಮ ಪಂಚಾಯತ್‌ನ ಕ್ರಿಯಾಯೋಜನೆಯನ್ನು ತೆರೆದು ನೋಡಿದರೂ ಮೋರಿ, ಚರಂಡಿ, ಕುಡಿಯುವ ನೀರಿನ ಕೊಳವೆ, ಕಾಂಕ್ರೀಟ್ ರಸ್ತೆ ಇವುಗಳೇ ಹೆಚ್ಚಾಗಿ ಕಾಣುತ್ತವೆ. ಆ ಕಾಮಗಾರಿಗಳ ಅಂದಾಜು ಪಟ್ಟಿಯಲ್ಲಿ ಸಿಮೆಂಟು, ಜಲ್ಲಿ, ಕಬ್ಬಿಣ, ಕೂಲಿ ಇವುಗಳ ದರ ಸಾಲುಸಾಲಾಗಿ ಬರುತ್ತದೆ. ಸಾಗಾಟಕ್ಕೆ ಮಾತ್ರ ಒಂದೇ ಸಾಲು. ಆ ಒಂದು ಸಾಲಿನ ಹಿಂದೆ ಒಬ್ಬ ಚಾಲಕ, ಒಂದು ಟ್ರೈಲರ್, ಇಬ್ಬರೋ ಮೂವರೋ ಲೋಡಿಂಗ್ ಕಾರ್ಮಿಕರು, ಹಾಗೂ ವಾಹನ ನಿಂತರೂ ತಾನು ನಿಲ್ಲಲೊಪ್ಪದ ಹಲವು ಟನ್ ಸರಕು ಇರುತ್ತದೆ.

ಗ್ರಾಮ ಪಂಚಾಯತ್‌ಗೂ ಇಂಥ ವಾಹನಕ್ಕೂ ಮೂರು ಬಗೆಯ ಸಂಬಂಧವಿದೆ. ಕಾಮಗಾರಿಯ ಸರಕನ್ನು ತರಿಸುವುದು ಪಂಚಾಯತ್. ಸರಕು ಕೊನೆಯ ಕೆಲವು ಕಿಲೋಮೀಟರ್ ಬರುವುದು ಪಂಚಾಯತ್ ರಸ್ತೆಯ ಮೇಲೆ. ಮೂರನೆಯದಾಗಿ, ಸಾಲ ಮಾಡಿ ಹಳೆಯ ಟ್ರೈಲರೊಂದನ್ನು ಕೊಂಡು ಈ ವೃತ್ತಿಗಿಳಿಯುವ ಯುವಕ ಅದೇ ವಾರ್ಡಿನವನು. ರಬ್ಬರ್ ದಿಮ್ಮಿ, ಜೆಸಿಬಿ, ಹಿಟಾಚಿ, ಮೋರಿ ಪೈಪು, ವಿದ್ಯುತ್ ಕಂಬ, ಕಬ್ಬಿಣದ ಸರಳು ಇವುಗಳ ಬಾಡಿಗೆ ಈ ಭಾಗದಲ್ಲಿ ವರ್ಷವಿಡೀ ಇರುವುದರಿಂದ ಆತನ ಲೆಕ್ಕಾಚಾರ ತಪ್ಪೇನಲ್ಲ. ವಾಹನ ಓಡಿಸುವುದನ್ನು ಆತ ಕಲಿತಿರುತ್ತಾನೆ. ಹೊರೆ ಕಟ್ಟುವುದನ್ನು ಮಾತ್ರ ಯಾರೂ ಕಲಿಸಿರುವುದಿಲ್ಲ. ಪಕ್ಕದ ಲಾರಿಯವನು ಮಾಡಿದ್ದನ್ನು ನೋಡಿ ಅನುಸರಿಸುತ್ತಾನೆ, ಅಷ್ಟೆ.

ಸಾಮಾನ್ಯ ಲಾರಿಯ ಸುತ್ತ ಹಲಗೆಯ ಗೋಡೆಗಳಿರುತ್ತವೆ. ಒಳಗಿನ ಕಟ್ಟು ಸಡಿಲವಾಗಿದ್ದರೂ ಗೋಡೆ ಸ್ವಲ್ಪ ಮಟ್ಟಿಗೆ ತಪ್ಪನ್ನು ಮುಚ್ಚುತ್ತದೆ. ಫ್ಲಾಟ್‌ಬೆಡ್ ಎಂದರೆ ಚಕ್ರಗಳ ಮೇಲಿನ ಒಂದು ಬಯಲು ಜಗುಲಿ. ಕ್ರೇನ್‌ನಿಂದ ಮೂರು ದಿಕ್ಕಿನಲ್ಲೂ ಸರಕು ಏರಿಸಬಹುದು, ಉದ್ದದ ವಸ್ತುಗಳನ್ನು ಒಯ್ಯಬಹುದು, ಯಂತ್ರಗಳನ್ನು ನೇರವಾಗಿ ಹತ್ತಿಸಬಹುದು. ಇವೆಲ್ಲ ಅನುಕೂಲಗಳಿಗೆ ಕಾರಣವಾದ ಅದೇ ಬಯಲು ಅಪಾಯಕ್ಕೂ ಕಾರಣ. ಅಲ್ಲಿ ಸರಕನ್ನು ಹಿಡಿದಿಡುವುದು ಕಟ್ಟು ಮತ್ತು ಘರ್ಷಣೆ ಎರಡೇ.

ಇಲ್ಲಿ ವ್ಯಾಪಕವಾದ ಒಂದು ತಪ್ಪು ನಂಬಿಕೆಯನ್ನು ಮೊದಲು ಪರಿಶೀಲಿಸಬೇಕು. ಸರಕು ಭಾರವಾಗಿದ್ದರೆ ಅದು ಅಲುಗುವುದಿಲ್ಲ, ಹಗುರವಾದದ್ದನ್ನಷ್ಟೇ ಬಿಗಿಯಬೇಕು ಎಂಬುದು ಆ ನಂಬಿಕೆ. ವಾಸ್ತವದಲ್ಲಿ ಭಾರ ಹೆಚ್ಚಿದಂತೆ ಘರ್ಷಣೆ ಎಷ್ಟು ಹೆಚ್ಚುತ್ತದೆಯೋ ಬ್ರೇಕ್ ಹಾಕಿದಾಗ ಮುಂದಕ್ಕೆ ನುಗ್ಗುವ ಬಲವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಯೂರೋಪಿನ ಇಎನ್ 12195 ಮಾನದಂಡವೂ ಅಮೆರಿಕ ಸಂಯುಕ್ತ ಸಂಸ್ಥಾನದ ಫೆಡರಲ್ ನಿಯಮಗಳೂ ಒಂದೇ ಮಾತನ್ನು ಹೇಳುತ್ತವೆ: ಸರಕಿನ ಕಟ್ಟು ಮುಂದಿನ ದಿಕ್ಕಿನಲ್ಲಿ ಅದರ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲವನ್ನು, ಹಿಂದಕ್ಕೂ ಪಕ್ಕಕ್ಕೂ ತೂಕದ ಅರ್ಧದಷ್ಟು ಬಲವನ್ನು ತಡೆಯುವಂತಿರಬೇಕು. ಮುಂದಿನ ದಿಕ್ಕಿಗೆ ಹೆಚ್ಚು ಬಲ ಏಕೆಂದರೆ ವಾಹನ ಎಂದೂ ಬ್ರೇಕ್ ಹಾಕಿದಷ್ಟು ಜೋರಾಗಿ ಮುಂದಕ್ಕೆ ಚಿಮ್ಮುವುದಿಲ್ಲ. ಮುಂದಿನ ದಿಕ್ಕಿನಲ್ಲೇ ಚಾಲಕ ಕುಳಿತಿರುತ್ತಾನೆ ಎಂಬುದೂ ನೆನಪಿನಲ್ಲಿರಲಿ.

ಇದನ್ನು ಪಂಚಾಯತ್‌ಗೆ ಪರಿಚಿತವಾದ ಒಂದು ಸರಕಿನ ಮೇಲೆ ಲೆಕ್ಕ ಹಾಕಿ ನೋಡಬಹುದು. ಒಂದು ಮೀಟರ್ ಒಳವ್ಯಾಸ, 115 ಮಿಲಿಮೀಟರ್ ದಪ್ಪ, ಎರಡೂವರೆ ಮೀಟರ್ ಉದ್ದದ ಕಾಂಕ್ರೀಟ್ ಮೋರಿ ಪೈಪು ಸುಮಾರು 2.4 ಟನ್ ತೂಗುತ್ತದೆ. ಅಂಥ ಮೂರು ಪೈಪುಗಳನ್ನು ಪುತ್ತೂರಿನಿಂದ ಉಪ್ಪಿನಂಗಡಿ, ಆಲಂಕಾರು ಮಾರ್ಗವಾಗಿ ಕಡಬ ತಾಲೂಕಿನ ಒಂದು ಗ್ರಾಮಕ್ಕೆ ಒಯ್ಯಬೇಕಾಗಿದೆ ಎಂದು ಭಾವಿಸೋಣ. ಒಟ್ಟು ತೂಕ 7.2 ಟನ್. ತುರ್ತು ಬ್ರೇಕ್ ಹಾಕಿದಾಗ ಅವು ಮುಂದಕ್ಕೆ ನುಗ್ಗುವ ಬಲ ಹೆಚ್ಚುಕಡಿಮೆ 5.8 ಟನ್. ಉಕ್ಕಿನ ತಟ್ಟೆಯ ಮೇಲೆ ಒದ್ದೆಯಾಗಿಯೋ ಧೂಳು ಹಿಡಿದೋ ಇರುವ ಪೈಪಿಗೆ ಘರ್ಷಣೆಯ ಅಂಶವನ್ನು 0.3 ಎಂದು ಹಿಡಿದರೆ ಘರ್ಷಣೆ ತಡೆಯುವುದು 2.2 ಟನ್ ಮಾತ್ರ. ಉಳಿದ 3.6 ಟನ್ ಬಲವನ್ನು ಕಟ್ಟು ತಡೆಯಬೇಕು.

ರ್ಯಾಚೆಟ್ ಬೆಲ್ಟನ್ನು ಸರಕಿನ ಮೇಲಿನಿಂದ ಹಾಯಿಸಿ ಬಿಗಿದಾಗ ಅದು ಸರಕನ್ನು ನೇರವಾಗಿ ಹಿಡಿಯುವುದಿಲ್ಲ. ಕೆಳಕ್ಕೆ ಒತ್ತಿ ಘರ್ಷಣೆಯನ್ನು ಹೆಚ್ಚಿಸುತ್ತದೆ. ಸಾಮಾನ್ಯ 50 ಮಿಲಿಮೀಟರ್ ಬೆಲ್ಟಿನ ಹಿಡಿಯನ್ನು ಒಬ್ಬ ವ್ಯಕ್ತಿ ಕೈಯಿಂದ ಎಳೆದಾಗ ಸುಮಾರು 300 ಕಿಲೋ ಬಿಗಿತ ಬರುತ್ತದೆ. ಎರಡೂ ಬದಿ ಸೇರಿ ಕೆಳಮುಖ ಒತ್ತಡ ಸುಮಾರು 500 ಕಿಲೋ. 0.3ರ ಘರ್ಷಣೆಯಲ್ಲಿ ಅದರಿಂದ ಸಿಗುವ ಹೆಚ್ಚುವರಿ ತಡೆ 150 ಕಿಲೋ ಮಾತ್ರ. ಹಾಗಾದರೆ 3.6 ಟನ್ನಿಗೆ ಬೇಕಾಗುವ ಬೆಲ್ಟುಗಳು 24. ಮೂರು ಪೈಪುಗಳಿಗೆ 24 ಬೆಲ್ಟು ಕಟ್ಟಿದ ವಾಹನವನ್ನು ಈ ಜಿಲ್ಲೆಯಲ್ಲಿ ಯಾರೂ ಕಂಡಿರಲಾರರು. ಎರಡು ಹಗ್ಗ, ಒಂದು ಟಾರ್ಪಾಲು ಕಟ್ಟಿದ್ದನ್ನು ಎಲ್ಲರೂ ಕಂಡಿದ್ದಾರೆ.

ಇದೇ ಪೈಪುಗಳ ಅಡಿಯಲ್ಲಿ, ಈ ಕೆಲಸಕ್ಕೆಂದೇ ತಯಾರಾದ ಘರ್ಷಣೆಯ ರಬ್ಬರ್ ಹಾಸನ್ನು ಹಾಕಿದರೆ ಘರ್ಷಣೆಯ ಅಂಶ 0.6ರ ಆಸುಪಾಸಿಗೆ ಏರುತ್ತದೆ. ಆಗ ಘರ್ಷಣೆಯೊಂದೇ 4.3 ಟನ್ ತಡೆಯುತ್ತದೆ, ಉಳಿಯುವುದು 1.44 ಟನ್. ಪ್ರತಿ ಬೆಲ್ಟಿನಿಂದ ಸಿಗುವ ತಡೆಯೂ ಇಮ್ಮಡಿಯಾಗಿ 300 ಕಿಲೋ ಆಗುತ್ತದೆ. ಬೇಕಾಗುವ ಬೆಲ್ಟುಗಳು ಐದು. ಇಪ್ಪತ್ತನಾಲ್ಕರಿಂದ ಐದಕ್ಕೆ ಇಳಿಸಿದ್ದು ಕೆಲವು ತುಂಡು ರಬ್ಬರ್. ರಬ್ಬರ್ ಬೆಳೆಯುವ ಸುಳ್ಯ, ಕಡಬ ಸೀಮೆಯಲ್ಲಿ ಈ ಸಂಗತಿ ಅಷ್ಟೊಂದು ಅಪರಿಚಿತವಾಗಿ ಉಳಿದಿರುವುದು ವಿಚಿತ್ರವೇ ಸರಿ. ಹಳೆಯ ಟಯರಿನ ಪಟ್ಟಿ ಅಥವಾ ಕನ್ವೇಯರ್ ಬೆಲ್ಟಿನ ತುಂಡು ಎಣ್ಣೆಯ ಅಂಶವಿಲ್ಲದಿದ್ದರೆ ಬರಿಯ ಉಕ್ಕಿಗಿಂತ ಮೇಲು. ಆದರೆ ಅದಕ್ಕೆ 0.6 ಎಂದು ಲೆಕ್ಕ ಹಿಡಿಯಬಾರದು.

ಇನ್ನೂ ಸರಳವಾದ ಉಪಾಯವೆಂದರೆ ಸರಕು ಮುಂದಕ್ಕೆ ಹೋಗದಂತೆ ಅಡ್ಡಗಟ್ಟುವುದು. ಟ್ರೈಲರಿನ ಮುಂಭಾಗದಲ್ಲಿ ಉಕ್ಕಿನ ತಡೆಗೋಡೆ ಇದ್ದು ಸರಕು ಅದಕ್ಕೆ ತಾಗಿ ಕುಳಿತಿದ್ದರೆ ಬೆಲ್ಟುಗಳ ಭಾರ ಬಹುಪಾಲು ಇಳಿಯುತ್ತದೆ. ಸರಕಿಗೂ ಗೋಡೆಗೂ ನಡುವೆ ಒಂದು ಮೀಟರ್ ಖಾಲಿ ಬಿಟ್ಟರೆ ಮಾತ್ರ ಆ ಗೋಡೆಯಿಂದ ಪ್ರಯೋಜನವಿಲ್ಲ. ಸರಕು ಆ ಒಂದು ಮೀಟರ್ ಜಾರಿ ಬಂದು ಸುತ್ತಿಗೆಯಂತೆ ಬಡಿಯುತ್ತದೆ. ಆಕ್ಸಲ್‌ಗಳ ಮೇಲೆ ತೂಕ ಸರಿಯಾಗಿ ಹಂಚಿಕೆಯಾಗಲೆಂದು ಸರಕನ್ನು ಹಿಂದಕ್ಕೆ ಇರಿಸಬೇಕಾದ ಸಂದರ್ಭಗಳಿವೆ. ಆಗ ನಡುವಿನ ಜಾಗವನ್ನು ಗಟ್ಟಿ ಮರದ ತೊಲೆಗಳಿಂದ ತುಂಬಬೇಕು. ತೂಕವೆಲ್ಲ ಹಿಂಬದಿಗೆ ಬಿದ್ದರೆ ಎಳೆಯುವ ಚಕ್ರಗಳ ಮೇಲಿನ ಒತ್ತಡ ಕಡಿಮೆಯಾಗಿ ಏರಿನಲ್ಲಿ ಅವು ಜಾರತೊಡಗುತ್ತವೆ ಎಂಬುದನ್ನು ಹೊಸ ಚಾಲಕ ಸಾಮಾನ್ಯವಾಗಿ ಮೊದಲ ಮಳೆಗಾಲದಲ್ಲಿ ಕಲಿಯುತ್ತಾನೆ. ಅದನ್ನು ಅಂಗಳದಲ್ಲೇ ಕಲಿಯುವುದು ಒಳಿತು.

ಸರಕಿನಿಂದ ಸರಕಿಗೆ ಕಟ್ಟುವ ಬಗೆ ಬದಲಾಗುತ್ತದೆ. ಮೋರಿ ಪೈಪನ್ನು ವಾಹನದ ಉದ್ದಕ್ಕೆ ಮಲಗಿಸಬೇಕು. ಅಡ್ಡಲಾಗಿ ಇರಿಸಿದರೆ ಬ್ರೇಕ್ ಹಾಕಿದಾಗ ಅದು ಜಾರುವುದಿಲ್ಲ, ಉರುಳುತ್ತದೆ. ಉರುಳುವುದಕ್ಕೆ ಮೇಲೆ ಹೇಳಿದ ಘರ್ಷಣೆಯ ಲೆಕ್ಕ ಯಾವುದೂ ಅನ್ವಯಿಸುವುದಿಲ್ಲ. ಉದ್ದಕ್ಕೆ ಮಲಗಿಸಿದ ಪೈಪಿನ ಎರಡೂ ಮಗ್ಗುಲಿಗೆ ಮರದ ಬೆಣೆ ಕೊಟ್ಟು, ಬೆಣೆಯನ್ನು ಅಡಿಯ ಮರಕ್ಕೆ ಮೊಳೆ ಹೊಡೆದು ನಿಲ್ಲಿಸಬೇಕು. ಕಲ್ಲನ್ನು ಬೆಣೆಯಾಗಿ ಕೊಡುವ ರೂಢಿ ಅನೇಕ ಕಡೆ ಇದೆ. ಕೆಂಪುಕಲ್ಲಿನ ತುಂಡು ಹತ್ತು ಕಿಲೋಮೀಟರ್ ಅಲುಗಾಟದಲ್ಲಿ ಪುಡಿಯಾಗುತ್ತದೆ, ಕರಿಕಲ್ಲು ಹಾರಿ ಹೋಗುತ್ತದೆ. ಪೈಪಿನ ಬಾಯಿಯ ಚೂಪು ಅಂಚಿಗೆ ಬೆಲ್ಟು ತಾಗುವಲ್ಲಿ ಹಳೆಯ ಟಯರಿನ ಮಡಿಕೆಯನ್ನು ಇಡಬೇಕು.

ರಬ್ಬರ್ ದಿಮ್ಮಿಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾದದ್ದು. ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಕೆಲಸ ಒದಗಿಸಲು ಸುಳ್ಯ, ಪುತ್ತೂರು ಭಾಗದಲ್ಲಿ ಬೆಳೆಸಿದ ಸರ್ಕಾರಿ ರಬ್ಬರ್ ತೋಟಗಳು ಇಂದು ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದಲ್ಲಿವೆ. ಖಾಸಗಿ ತೋಟಗಳೂ ಅಷ್ಟೇ ವ್ಯಾಪಕವಾಗಿವೆ. ಹಾಲು ತೆಗೆಯುವ ಆಯುಷ್ಯ ಮುಗಿದ ಮರಗಳನ್ನು ಕಡಿದು ಪ್ಲೈವುಡ್ ಕಾರ್ಖಾನೆಗಳಿಗೆ ಕಳುಹಿಸುವುದು ನಿರಂತರವಾದ ವ್ಯವಹಾರ. ಹಸಿ ದಿಮ್ಮಿಯ ತೊಗಟೆ ಹಾಲು ಮತ್ತು ನೀರಿನಿಂದ ಜಾರುತ್ತದೆ. ದಿಮ್ಮಿಗಳು ಒಂದೇ ದಪ್ಪದವಲ್ಲ. ಪೇರಿಸಿದಾಗ ನಡುನಡುವೆ ಪೊಳ್ಳು ಉಳಿದು, ತೋಟದ ಮಣ್ಣುರಸ್ತೆಯನ್ನು ದಾಟುವಷ್ಟರಲ್ಲಿ ಇಡೀ ರಾಶಿ ಕೆಳಕ್ಕೆ ಕುಸಿದು ಕುಳಿತುಕೊಳ್ಳುತ್ತದೆ. ತೋಟದಲ್ಲಿ ತಂತಿಯಂತೆ ಬಿಗಿದಿದ್ದ ಹಗ್ಗ ಡಾಂಬರು ರಸ್ತೆಗೆ ಬರುವಾಗ ತೊಟ್ಟಿಲ ಹಗ್ಗದಂತಾಗಿರುತ್ತದೆ. ಆದುದರಿಂದ ಮಣ್ಣುರಸ್ತೆ ಮುಗಿದಲ್ಲಿ ವಾಹನ ನಿಲ್ಲಿಸಿ ಮತ್ತೆ ಬಿಗಿಯುವುದು ದಿಮ್ಮಿ ಸಾಗಾಟದಲ್ಲಿ ಬಿಡಬಾರದ ಕ್ರಮ. ಬದಿಯ ಉಕ್ಕಿನ ಗೂಟಗಳಿಗೆ ತಾಗುವ ದಿಮ್ಮಿ ಗೂಟದ ತುದಿಗಿಂತ ಕೆಳಗೇ ಇರಬೇಕು. ಮೇಲಿನ ಸಾಲು ನಡುವಿನಲ್ಲಿ ಉಬ್ಬಿರಬೇಕು, ಆಗ ಮಾತ್ರ ಮೇಲಿನಿಂದ ಹಾಯ್ದ ಸರಪಳಿ ಎಲ್ಲ ದಿಮ್ಮಿಗಳನ್ನೂ ಒತ್ತಿ ಹಿಡಿಯುತ್ತದೆ. ನಡುವಿನಲ್ಲಿ ತಗ್ಗಾಗಿ ಪೇರಿಸಿದ ರಾಶಿಯಲ್ಲಿ ಸರಪಳಿ ಎರಡು ಬದಿಯ ದಿಮ್ಮಿಗಳನ್ನಷ್ಟೇ ಮುಟ್ಟುತ್ತದೆ, ಉಳಿದವು ಬಿಡಿಯಾಗಿಯೇ ಪ್ರಯಾಣಿಸುತ್ತವೆ.

ಪ್ಲಾಸ್ಟಿಕ್ ನೀರಿನ ಕೊಳವೆಗಳ ತೊಂದರೆ ಬೇರೆ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್‌ನ ನಂತರ ಇವುಗಳ ಸಾಗಾಟ ಪ್ರತಿ ಗ್ರಾಮಕ್ಕೂ ತಲುಪಿದೆ. ಕೊಳವೆಗಳು ಹಗುರ, ಆದರೆ ಒಂದರ ಮೇಲೊಂದು ನುಣುಪು. ಹೊರಗಿನ ಸುತ್ತನ್ನು ಎಷ್ಟು ಬಿಗಿದರೂ ನಡುವಿನ ಕೊಳವೆ ಬಾಣದಂತೆ ಮುಂದಕ್ಕೋ ಹಿಂದಕ್ಕೋ ಹೊರಡುತ್ತದೆ. ಕಂತೆಯ ಮುಂದೆ ಹಿಂದೆ ಎರಡೂ ಕಡೆ ಅಡ್ಡ ಹಲಗೆ ಕೊಡುವುದಲ್ಲದೆ ಬೇರೆ ದಾರಿಯಿಲ್ಲ.

ಯಂತ್ರಗಳಿಗೆ ಸರಪಳಿಯೇ ಬೇಕು. ಹಿಂದೆ ಮುಂದೆ ಬಕೆಟ್ ಇರುವ ಸಾಮಾನ್ಯ ಜೆಸಿಬಿ ಸುಮಾರು ಏಳೂವರೆ ಟನ್ ತೂಗುತ್ತದೆ. ಅಮೆರಿಕದ ನಿಯಮದಂತೆ ನಾಲ್ಕೂವರೆ ಟನ್ನಿಗಿಂತ ಹೆಚ್ಚಿನ ತೂಕದ ಚಕ್ರದ ಅಥವಾ ಚೈನಿನ ಯಂತ್ರವನ್ನು ಕನಿಷ್ಠ ನಾಲ್ಕು ಮೂಲೆಗಳಲ್ಲಿ ಕಟ್ಟಬೇಕು. ಬಕೆಟ್, ತೋಳು ಎಲ್ಲವನ್ನೂ ಕೆಳಗಿಳಿಸಿ ಅವುಗಳನ್ನೂ ಬಿಗಿಯಬೇಕು. ಎಲ್ಲ ಕಟ್ಟುಗಳ ಕೆಲಸದ ಮಿತಿಯ ಮೊತ್ತ ಸರಕಿನ ತೂಕದ ಅರ್ಧಕ್ಕಿಂತ ಕಡಿಮೆಯಿರಬಾರದು. ಕೆಲಸದ ಮಿತಿ ಎಂದರೆ ತುಂಡಾಗುವ ಬಲವಲ್ಲ. ಬೆಲ್ಟಿನಲ್ಲಿ ಅದು ಸಾಮಾನ್ಯವಾಗಿ ತುಂಡಾಗುವ ಬಲದ ಮೂರನೆಯ ಒಂದು ಪಾಲು. ಬೆಲ್ಟಿನ ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಐದು ಟನ್ ಎಂದು ಮುದ್ರಿಸಿದ್ದರೆ ಯಾವ ಐದು ಟನ್ ಎಂದು ಕೇಳಿಯೇ ಕೊಳ್ಳಬೇಕು. ಚೀಟಿ ಕಿತ್ತುಹೋದ, ಅಂಚು ಕತ್ತರಿಸಿದ, ಗಂಟು ಹಾಕಿ ಜೋಡಿಸಿದ ಬೆಲ್ಟು ತೋಟದ ಕೆಲಸಕ್ಕೆ ಇರಲಿ, ಟ್ರೈಲರಿಗೆ ಬೇಡ. ರ್ಯಾಚೆಟ್‌ನ ಹಿಡಿಗೆ ಕಬ್ಬಿಣದ ಕೊಳವೆ ಸಿಕ್ಕಿಸಿ ಉದ್ದ ಮಾಡಿ ಬಿಗಿಯುವುದೂ ಅಪಾಯಕಾರಿ: ಹಲ್ಲು ಮುರಿದರೆ ಆ ಕೊಳವೆ ಬಡಿಯುವುದು ಬಿಗಿಯುತ್ತಿರುವವನ ಮುಖಕ್ಕೇ.

ಇನ್ನು ಈ ಭಾಗದ ರಸ್ತೆಯ ಮಾತು. ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಅಲ್ಲಿಂದ ಸಂಪಾಜೆಯ ಮೂಲಕ ಸುಳ್ಯಕ್ಕೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 275, ಸಕಲೇಶಪುರದಿಂದ ಗುಂಡ್ಯಕ್ಕೆ ಇಳಿಯುವ ಹೆದ್ದಾರಿ 75ರ ಶಿರಾಡಿ ಘಾಟಿ, ಇವೆರಡೂ ಹೊರೆಹೊತ್ತ ವಾಹನದ ಬ್ರೇಕನ್ನು ನಿರಂತರವಾಗಿ ಪರೀಕ್ಷಿಸುತ್ತವೆ. ಹತ್ತಲು ಯಾವ ಗೇರ್ ಬೇಕಾಗುತ್ತಿತ್ತೋ ಇಳಿಯಲೂ ಅದೇ ಗೇರ್ ಎಂಬ ಹಳೆಯ ಚಾಲಕರ ಮಾತು ಇಂದಿಗೂ ಸರಿ. ಆದರೆ ಇಳಿಜಾರಿಗಿಂತ ತಿರುವು ಹೆಚ್ಚು ಮೋಸಗೊಳಿಸುತ್ತದೆ. ಇಪ್ಪತ್ತು ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋದರೆ ಸರಕನ್ನು ಹೊರಕ್ಕೆ ತಳ್ಳುವ ಬಲ ಅದರ ತೂಕದ ಶೇಕಡ 63ರಷ್ಟು. ಮೂವತ್ತಕ್ಕೆ ಇಳಿಸಿದರೆ ಶೇಕಡ 35. ಇಪ್ಪತ್ತಕ್ಕೆ ಇಳಿಸಿದರೆ ಶೇಕಡ 16. ಎತ್ತರವಾಗಿ ಹೊರೆ ಹೊತ್ತ ಭಾರೀ ವಾಹನ ಶೇಕಡ 35ರ ಆಸುಪಾಸಿನಲ್ಲೇ ಮಗುಚಬಹುದು. ಅಂದರೆ ಕಟ್ಟು ಎಷ್ಟೇ ಭದ್ರವಾಗಿದ್ದರೂ ಆ ತಿರುವಿನಲ್ಲಿ ಮೂವತ್ತು ಕಿಲೋಮೀಟರ್ ವೇಗವೇ ಅಂಚು. ಪಂಚಾಯತ್ ರಸ್ತೆಗಳಲ್ಲಿ ಇಪ್ಪತ್ತು ಮೀಟರಿಗಿಂತಲೂ ಕಿರಿದಾದ ತಿರುವುಗಳು ಎಷ್ಟೋ ಇವೆ.

ಅಮೆರಿಕದ ನಿಯಮ ಹೊರಟ ಮೊದಲ 50 ಮೈಲಿಗಳೊಳಗೆ, ಅಂದರೆ 80 ಕಿಲೋಮೀಟರಿನೊಳಗೆ, ಕಟ್ಟನ್ನು ಮತ್ತೆ ಪರೀಕ್ಷಿಸಬೇಕೆನ್ನುತ್ತದೆ. ಆ ಅಂತರ ನೇರವಾದ ಹೆದ್ದಾರಿಗಳ ದೇಶಕ್ಕೆ ಸರಿಹೋದೀತು. ಇಲ್ಲಿ ಮೊದಲ ಐದು ಕಿಲೋಮೀಟರಿನಲ್ಲೇ ಹತ್ತಾರು ಉಬ್ಬು, ತಿರುವು, ಏರು ಇಳಿತಗಳು ಮುಗಿದಿರುತ್ತವೆ. ಹೊರಟು ಐದರಿಂದ ಹತ್ತು ಕಿಲೋಮೀಟರಿನೊಳಗೆ ಒಮ್ಮೆ, ಘಾಟಿ ಹತ್ತುವ ಅಥವಾ ಇಳಿಯುವ ಮುನ್ನ ಒಮ್ಮೆ, ಜೋರು ಬ್ರೇಕ್ ಹಾಕಿದ ಪ್ರತಿ ಸಲ ಒಮ್ಮೆ ಇಳಿದು ನೋಡುವುದು ಈ ಸೀಮೆಗೆ ತಕ್ಕ ಕ್ರಮ. ಅದಕ್ಕೆ ವಾಹನ ನಿಲ್ಲಿಸಲು ಸ್ಥಳ ಬೇಕು. ಮುಖ್ಯರಸ್ತೆಗೆ ಸೇರುವ ಮುನ್ನ ಹತ್ತು–ಹದಿನೈದು ಮೀಟರ್ ಉದ್ದದ ಗಟ್ಟಿ ನೆಲವನ್ನು ರಸ್ತೆಯ ಬದಿಯಲ್ಲಿ ಒದಗಿಸುವುದು ಪಂಚಾಯತ್ ತನ್ನ ಕ್ರಿಯಾಯೋಜನೆಯಲ್ಲೇ ಸೇರಿಸಬಹುದಾದ ಸಣ್ಣ ಕಾಮಗಾರಿ.

ಮಳೆಗಾಲದಲ್ಲಿ ಲೆಕ್ಕ ಮತ್ತೂ ಬದಲಾಗುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದ ಭೂಕುಸಿತದಿಂದ ಸಂಪಾಜೆ–ಮಡಿಕೇರಿ ಮಾರ್ಗವೂ ಅದೇ ದಿನಗಳಲ್ಲಿ ಶಿರಾಡಿ ಮಾರ್ಗವೂ ಭಾರೀ ವಾಹನಗಳಿಗೆ ಮುಚ್ಚಿದ್ದವು. ಕೊಡಗು ಜಿಲ್ಲಾಡಳಿತ ಹಲವು ಮಳೆಗಾಲಗಳಲ್ಲಿ ಮರದ ದಿಮ್ಮಿ ಹಾಗೂ ಮರಳಿನ ಸಾಗಾಟವನ್ನು ನಿರ್ಬಂಧಿಸಿದೆ. ಇಂಥ ದಿನಗಳಲ್ಲಿ ಬಾಡಿಗೆಯ ಆಸೆಗೆ ಕುಲ್ಕುಂದದಿಂದ ಬಿಸಿಲೆಯ ಕಡೆಗೆ ಹತ್ತುವ ಕಿರಿದಾದ ದಾರಿಗೋ ಗ್ರಾಮಗಳ ಒಳದಾರಿಗೋ ಟ್ರೈಲರನ್ನು ತಿರುಗಿಸುವುದು ಚಾಲಕನಿಗೂ ರಸ್ತೆಗೂ ಕೆಡುಕು. ಆಲಂಕಾರು–ಕಡಬ ದಾರಿಯ ಹೊಸ್ಮಠದಲ್ಲಿ ಹಿಂದೆ ಪ್ರತಿ ಮಳೆಗೂ ಮುಳುಗುತ್ತಿದ್ದ ಸೇತುವೆಯ ಬದಲಿಗೆ ಎತ್ತರದ ಸೇತುವೆ ಬಂದಿದೆ. ಆದರೆ ಅಲ್ಲಿಂದ ಮುಂದೆ ಒಳಗ್ರಾಮಗಳಿಗೆ ಕವಲೊಡೆದ ರಸ್ತೆಗಳ ಮೋರಿಗಳು ಎತ್ತಿನಗಾಡಿ, ಜೀಪುಗಳ ಕಾಲದವೇ ಆಗಿ ಉಳಿದಿವೆ. ಯಾವ ಮೋರಿ ಎಷ್ಟು ತೂಕ ತಡೆಯುತ್ತದೆ ಎಂಬುದನ್ನು ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದಿಂದ ಪರಿಶೀಲಿಸಿ ಪಡೆಯಬೇಕು. ಭಾರೀ ವಾಹನ ನಿಷೇಧಿಸಬೇಕೆನಿಸಿದಲ್ಲಿ ಪಂಚಾಯತ್ ತಾನಾಗಿಯೇ ರಸ್ತೆಗೆ ಕಂಬ ನೆಡುವಂತಿಲ್ಲ. ಮೋಟಾರು ವಾಹನ ಕಾಯ್ದೆ 1988ರ ಕಲಂ 115ರ ಅಡಿಯಲ್ಲಿ ಜಿಲ್ಲಾಧಿಕಾರಿಗಳು ಅಧಿಸೂಚನೆ ಹೊರಡಿಸುತ್ತಾರೆ. ಪಂಚಾಯತ್‌ನ ಪಾಲಿನ ಕೆಲಸ ಕಾರಣಸಹಿತ ನಿರ್ಣಯ ಅಂಗೀಕರಿಸಿ ಕಳುಹಿಸುವುದು.

ತಂತಿಗಳನ್ನೂ ಮರೆಯಬಾರದು. ರಸ್ತೆ ದಾಟುವ ಸಾಮಾನ್ಯ ವಿದ್ಯುತ್ ತಂತಿ 5.8 ಮೀಟರ್, 11 ಕೆ.ವಿ. ತಂತಿ 6.1 ಮೀಟರ್ ಎತ್ತರದಲ್ಲಿರಬೇಕೆಂಬುದು ನಿಯಮ. ಒಂದೂವರೆ ಮೀಟರ್ ಎತ್ತರದ ಟ್ರೈಲರಿನ ಮೇಲೆ ಮೂರು ಮೀಟರಿನ ಯಂತ್ರ ನಿಂತರೆ ನಾಲ್ಕೂವರೆ ಮೀಟರ್ ಆಗುತ್ತದೆ. ಕಾಗದದ ಮೇಲೆ ಇದು ಸುರಕ್ಷಿತ. ಮಳೆಗೆ ವಾಲಿದ ಕಂಬಗಳ ನಡುವೆ ಜೋತುಬಿದ್ದ ತಂತಿಯ ಕೆಳಗೆ ಅಲ್ಲ. ಜೋತ ತಂತಿಗಳ ಪಟ್ಟಿಯನ್ನು ವಾರ್ಡು ಸದಸ್ಯರು ಮೆಸ್ಕಾಂ ಶಾಖಾ ಕಚೇರಿಗೆ ಮೇ ತಿಂಗಳೊಳಗೆ ನೀಡಿದರೆ ಸರಿಪಡಿಸಲು ಸಮಯ ಸಿಗುತ್ತದೆ.

ಕಾನೂನಿನ ಮಾತು ಸಂಕ್ಷಿಪ್ತವಾಗಿ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಆಕ್ಸಲ್ ತೂಕದ ಮಿತಿಯನ್ನು ಹೆಚ್ಚಿಸಿತು: ಎರಡು ಆಕ್ಸಲ್‌ನ ಲಾರಿಯ ಒಟ್ಟು ತೂಕ 16.2 ಟನ್ನಿನಿಂದ 18.5 ಟನ್ನಿಗೆ, ಮೂರು ಆಕ್ಸಲ್‌ನದು 25ರಿಂದ 28.5 ಟನ್ನಿಗೆ ಏರಿತು. ಈ ಸಂಖ್ಯೆಯಲ್ಲಿ ವಾಹನದ ಸ್ವಂತ ತೂಕವೂ ಸೇರಿದೆ. 2019ರ ತಿದ್ದುಪಡಿಯ ನಂತರ ಕಲಂ 194ರ ಪ್ರಕಾರ ಮಿತಿಮೀರಿದ ತೂಕಕ್ಕೆ ₹20,000, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ ₹2,000 ದಂಡ; ಹೆಚ್ಚುವರಿ ಸರಕನ್ನು ಇಳಿಸುವ ಖರ್ಚು ಬೇರೆ. ಹೊರೆ ಮಿತಿ ಮೀರಿ ಪಕ್ಕಕ್ಕೋ ಹಿಂದಕ್ಕೋ ಎತ್ತರಕ್ಕೋ ಚಾಚಿದ್ದರೂ ₹20,000. ಹಿಂಬದಿಯಿಂದ ಕಬ್ಬಿಣದ ಸರಳು ಚಾಚಿಕೊಂಡು ಹೋಗುವ ರೂಢಿಗೆ 2014ರಲ್ಲೇ ನಿಯಮ ತಿದ್ದುಪಡಿಯಿಂದ ತಡೆ ಬಿದ್ದಿದೆ. ದಂಡ ಚಾಲಕನಿಗೆ ಮಾತ್ರವಲ್ಲ, ಹಾಗೆ ಓಡಿಸಲು ಕಾರಣನಾದವನಿಗೂ ಅನ್ವಯಿಸುತ್ತದೆ. ಎರಡು ಟ್ರಿಪ್ಪಿನ ಸರಕನ್ನು ಒಂದೇ ಟ್ರಿಪ್ಪಿನಲ್ಲಿ ತಂದುಬಿಡು ಎಂದು ಒತ್ತಾಯಿಸುವ ಗುತ್ತಿಗೆದಾರರು ಹಾಗೂ ಅವರನ್ನು ಅವಸರಿಸುವ ಸದಸ್ಯರು ಇದನ್ನು ಗಮನಿಸುವುದು ಒಳ್ಳೆಯದು.

ಪರವಾನಗಿಗೆ ಸಂಬಂಧಿಸಿ, ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು. ಭಾರೀ ವಾಹನ ಕಲಿಯುವ ಮುನ್ನ ಒಂದು ವರ್ಷವಾದರೂ ಲಘು ವಾಹನದ ಪರವಾನಗಿ ಹೊಂದಿರಬೇಕು. 7,500 ಕಿಲೋ ಒಟ್ಟು ತೂಕದೊಳಗಿನ ಸಾರಿಗೆ ವಾಹನವನ್ನು ಲಘು ವಾಹನದ ಪರವಾನಗಿಯಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಈ ವೃತ್ತಿಗೆ ಹೊಸಬನಾದವನು ಮೊದಲು ಇಂಥ ಸಣ್ಣ ಫ್ಲಾಟ್‌ಬೆಡ್‌ನಲ್ಲಿ ಒಂದು ಮಳೆಗಾಲ ಕಳೆದು ಅನಂತರ ದೊಡ್ಡದಕ್ಕೆ ಕೈಹಾಕುವುದು ಸಾಲದ ದೃಷ್ಟಿಯಿಂದಲೂ ಸುರಕ್ಷಿತ. ಉಳಿದ ವಿವರ ಪುತ್ತೂರಿನ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ದೊರೆಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಅತ್ಯಂತ ಗಂಭೀರವಾದ ವಿಷಯ ಉಳಿದಿದೆ. ಲೋಡಿಂಗ್ ಕಾರ್ಮಿಕರು ಸರಕಿನ ಮೇಲೆಯೇ ಕುಳಿತು ಪ್ರಯಾಣಿಸುವುದನ್ನು ಎಲ್ಲ ಗ್ರಾಮಗಳಲ್ಲಿಯೂ ಕಾಣಬಹುದು. ದಿಮ್ಮಿಯ ರಾಶಿಯ ಮೇಲೆ, ಪೈಪಿನ ಒಳಗೆ, ಸಿಮೆಂಟು ಚೀಲಗಳ ಮೇಲೆ. ಮೇಲಿನ ಲೆಕ್ಕದಲ್ಲಿ ಐದು ಬೆಲ್ಟು, ರಬ್ಬರ್ ಹಾಸು, ಬೆಣೆ ಎಲ್ಲವೂ ಸರಕನ್ನು ಹಿಡಿಯಲು. ಅದರ ಮೇಲೆ ಕುಳಿತ ಮನುಷ್ಯನನ್ನು ಹಿಡಿಯಲು ಏನೂ ಇಲ್ಲ. ಸರಕು ಅಲುಗದೆ ನಿಂತರೂ ಅವನು ನಿಲ್ಲುವುದಿಲ್ಲ. ಸರಕುವಾಹನದಲ್ಲಿ ಉಚಿತವಾಗಿಯೋ ಬಾಡಿಗೆ ಕೊಟ್ಟೋ ಪ್ರಯಾಣಿಸಿದವನಿಗೆ ಕಡ್ಡಾಯ ವಿಮೆಯ ರಕ್ಷಣೆ ಇಲ್ಲವೆಂದು ನ್ಯಾಯಾಲಯಗಳು ಹೇಳಿವೆ. ವಾಹನ ಮಾಲೀಕನ ನೌಕರನೆಂದು ಸಾಬೀತಾದರೆ ಮಾತ್ರ ಕಾರ್ಮಿಕ ಪರಿಹಾರದ ಮಿತಿಯಲ್ಲಿ ಹಣ ಸಿಗಬಹುದು. ದಿನಗೂಲಿಗೆ ಆ ದಿನ ಬೆಳಗ್ಗೆ ಕರೆತಂದವನ ಮನೆಯವರು ಅದನ್ನು ಸಾಬೀತುಪಡಿಸಲು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ಹಾಗೆ ಅಲೆಯುವವರು ಬರುವುದು ವಾರ್ಡು ಸದಸ್ಯರ ಮನೆಯಂಗಳಕ್ಕೇ. ಕಾರ್ಮಿಕರನ್ನು ಬೇರೆ ವಾಹನದಲ್ಲಿ ಕರೆತರುವ ಖರ್ಚು ದೊಡ್ಡದಲ್ಲ. ಅದನ್ನು ಕಾಮಗಾರಿ ಆದೇಶದ ಷರತ್ತಿನಲ್ಲಿ ಬರೆಯದಿರುವುದರಿಂದ ಅದು ಯಾರ ಖರ್ಚೂ ಆಗಿ ಉಳಿದಿಲ್ಲ.

ಇಳಿಸುವ ಕೆಲಸದಲ್ಲೂ ಇದೇ ಅನಾಥಸ್ಥಿತಿ. ಪೈಪು ತಯಾರಿಕೆಯ ಸ್ಥಳದಲ್ಲಿ ಏರಿಸಲು ಕ್ರೇನ್ ಇರುತ್ತದೆ. ತೋಡಿನ ಬದಿಯ ಕೆಲಸದ ಸ್ಥಳದಲ್ಲಿ ಇರುವುದಿಲ್ಲ. ನೆಲದ ಮೇಲೆ ಎರಡು ಹಳೆಯ ಟಯರ್ ಹಾಕಿ, 2.4 ಟನ್ ಪೈಪನ್ನು ಟ್ರೈಲರಿನ ಅಂಚಿನಿಂದ ಹಾರೆಯಿಂದ ಮೀಟಿ ಬೀಳಿಸುವುದು ವಾಡಿಕೆ. ಟಯರಿಗೆ ಬಿದ್ದ ಪೈಪು ಪುಟಿದು ಯಾವ ಕಡೆಗೆ ಉರುಳುತ್ತದೆ ಎಂದು ಯಾರಿಗೂ ಹೇಳಲಾಗದು. ರಸ್ತೆ ಒಂದು ಬದಿಗೆ ವಾಲಿದ್ದರೆ, ಕಟ್ಟು ಬಿಚ್ಚಿದ ಕ್ಷಣದಲ್ಲೇ ಪೈಪು ತಾನಾಗಿ ಹೊರಡುತ್ತದೆ. ಬೆಲ್ಟು ಬಿಚ್ಚುವವನು ಸಾಮಾನ್ಯವಾಗಿ ನಿಂತಿರುವುದು ಆ ತಗ್ಗಿನ ಬದಿಯಲ್ಲೇ. ಅಗೆಯುವ ಕೆಲಸಕ್ಕೆ ಹೇಗೂ ಬರಲಿರುವ ಯಂತ್ರವನ್ನು ಪೈಪು ಬರುವ ದಿನಕ್ಕೇ ಗೊತ್ತುಪಡಿಸಿ, ತೂಕ ತಡೆಯುವ ಸ್ಲಿಂಗ್ ಹಾಕಿ ಒಂದೊಂದಾಗಿ ಇಳಿಸಿದರೆ ಒಂದು ಗಂಟೆಯ ಯಂತ್ರದ ಬಾಡಿಗೆ ತಗಲುತ್ತದೆ. ಅಂದಾಜು ಪಟ್ಟಿ ತಯಾರಿಸುವ ಎಂಜಿನಿಯರು ಸಾಗಾಟದ ಆ ಒಂದು ಸಾಲಿನ ಕೆಳಗೆ ಕಟ್ಟುವಿಕೆ, ಕಾರ್ಮಿಕರ ಪ್ರಯಾಣ, ಯಂತ್ರದಿಂದ ಇಳಿಸುವಿಕೆ ಎಂಬ ಮೂರು ಸಾಲುಗಳನ್ನು ಸೇರಿಸುವಂತೆ, ಮತ್ತು ಸರಕು ಸ್ವೀಕರಿಸುವಾಗ ಪೈಪಿನಲ್ಲಿ ಬಿರುಕಿದೆಯೇ ಎಂದು ನೋಡುವ ಮೊದಲು ಅದು ಹೇಗೆ ಕಟ್ಟಿಕೊಂಡು ಬಂದಿದೆ ಎಂದು ನೋಡಿ ದಾಖಲಿಸುವಂತೆ, ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ವಿಷಯವನ್ನು ಇರಿಸಿ ನಿರ್ಣಯಿಸಬಹುದಾಗಿದೆ.